ಬೋಣಿಯ ಕೈ

ಮೊನ್ನೆ ಪೇಟೆಗೆ ಹೋದಾಗ ಒಂದು ಹೊಸ ಬಾರಿನ ಮುಂದೆ ಬಣ್ಣದ ಬೋರ್ಡು ಕಂಡಿತು. ಸಂಜೆ ಐದರಿಂದ ಏಳರವರೆಗೆ ಹ್ಯಾಪಿ ಅವರ್, ಒಂದು ಕೊಂಡರೆ ಒಂದು ಫ್ರೀ. ಕೊಡೆ ಊರಿಕೊಂಡು ನಿಂತು ಪೂರ್ತಿ ಓದಿದೆ. ನಗು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ, ಸುಸ್ತಾಯಿತು. ಇಂಥ ಹೊತ್ತುಗಳನ್ನು ಹುಡುಕಿಕೊಂಡು ಹತ್ತು ವರ್ಷ ಭಟ್ಕಳದಿಂದ ಕುಮಟೆಯವರೆಗೆ ಅಲೆದವನು ನಾನು. ಆಗ ಬೋರ್ಡು ಗೀರ್ಡು ಇರಲಿಲ್ಲ. ಯಾವ ಹೋಟೆಲಿಗೆ ಯಾವ ಗಳಿಗೆಯಲ್ಲಿ ಹೋದರೆ ಕಡಿಮೆಗೆ ಹೆಚ್ಚು ಸಿಗುತ್ತದೆ ಎಂಬುದನ್ನು ಮೂಗು, ಕಿವಿ, ನಾಚಿಕೆಗೇಡಿತನ ಮೂರನ್ನೂ ಬಳಸಿ ಪತ್ತೆ ಮಾಡಬೇಕಿತ್ತು. ಮೂರನೆಯದು ನನ್ನಲ್ಲಿ ಧಾರಾಳವಾಗಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕುಮಟೆಯ ಒಂದು ಚಹಾಪುಡಿ ಏಜೆನ್ಸಿಯಲ್ಲಿ ಲೈನ್ ಸೇಲ್ಸ್‌ಮನ್ ಆಗಿ ಸೇರಿದೆ. ಒಂದು ಹಳೆಯ ವ್ಯಾನು, ಅದರಲ್ಲಿ ಚಹಾಪುಡಿಯ ಮೂಟೆಗಳು, ನಾನು, ಮತ್ತೆ ಡ್ರೈವರು. ವಾರದ ಮೊದಲೆರಡು ದಿನ ಭಟ್ಕಳ, ಆಮೇಲೆರಡು ದಿನ ಹೊನ್ನಾವರ, ಉಳಿದೆರಡು ದಿನ ಕುಮಟೆ. ಡ್ರೈವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ನಾನು ಅವನನ್ನು ಡ್ರೈವರಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ತಮ್ಮಾ ಎನ್ನುತ್ತಿದ್ದ. ಮೀನುಗಾರರ ಮನೆಯಲ್ಲಿ ಹುಟ್ಟಿದವನಾದರೂ ದೋಣಿ ಹತ್ತಿದರೆ ಸಾಕು ವಾಂತಿ. ಅದಕ್ಕೇ ಹುಟ್ಟು ಬಿಟ್ಟು ಸ್ಟೇರಿಂಗು ಹಿಡಿದವನು. ಅವನ ಹೆಂಡತಿ ಕುಮಟೆಯ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುತ್ತಿದ್ದಳು.

ಏಜೆನ್ಸಿಯವರು ಊಟಕ್ಕೆ ಕೊಡುತ್ತಿದ್ದ ಭತ್ಯೆ ಒಂದು ಹೊತ್ತಿಗೆ ಸರಿ, ಎರಡು ಹೊತ್ತಿಗೆ ಉಪವಾಸ. ಹಾಗಾಗಿ ನಾವು ಹೊತ್ತು ಕಲಿತೆವು. ಭಟ್ಕಳದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಮಧ್ಯಾಹ್ನ ಮೂರರ ಮೇಲೆ ಹೋಗಬೇಕು. ಬಿರಿಯಾನಿಯ ಹಂಡೆಯ ತಳ ಕೆರೆಯುವ ಹೊತ್ತು ಅದು, ಅರ್ಧ ದರಕ್ಕೆ ತಟ್ಟೆ ತುಂಬ, ಮೇಲೆ ಸೀದು ಗರಿಗರಿಯಾದ ಅನ್ನ. ಹೊನ್ನಾವರದ ಖಾನಾವಳಿಯಲ್ಲಿ ಮೂರಕ್ಕೆ ಹತ್ತು ನಿಮಿಷ ಇರುವಾಗ ಕೂತರೆ ಅಡುಗೆಯವನಿಗೆ ಪಾತ್ರೆ ತೊಳೆಯುವ ಅವಸರ, ಮೀನಿನ ಸಾರು ಬೇಕೆಂದರೂ ಬೇಡವೆಂದರೂ ಸುರಿಯುತ್ತಾನೆ. ಕುಮಟೆಯಲ್ಲಿ ಬೆಳಗಿನ ಇಡ್ಲಿ ಸಂಜೆ ನಾಲ್ಕಕ್ಕೆ ಒಗ್ಗರಣೆ ಹಾಕಿಸಿಕೊಂಡು ಉಪ್ಪಿಟ್ಟಿನ ಹೆಸರಿನಲ್ಲಿ ಅಗ್ಗವಾಗಿ ಬರುತ್ತಿತ್ತು. ಇದನ್ನೆಲ್ಲ ಜಾಣತನ ಅಂದುಕೊಂಡಿದ್ದೆ. ಈಗ ಡಾಕ್ಟರು ಕೊಡುವ ಹೊಟ್ಟೆಯುರಿ ಗುಳಿಗೆ ನುಂಗುವಾಗ ಆ ಜಾಣತನದ ನೆನಪಾಗುತ್ತದೆ.

ಬಾರುಗಳ ಹೊತ್ತು ಬೇರೆ. ನಮ್ಮ ಕಡೆ ಸಂಜೆ ದೀಪ ಹಚ್ಚಿದ ಮೇಲಿನ ಮೊದಲ ವ್ಯಾಪಾರಕ್ಕೂ ಬೋಣಿ ಎಂದೇ ಹೇಳುತ್ತಿದ್ದರು. ಯಜಮಾನ ಬಾಗಿಲಿಗೆ ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ತೋರಿಸಿ, ಅದೇ ಹೊಗೆಯನ್ನು ಹಣದ ಗಲ್ಲಾಕ್ಕೂ ಸುತ್ತಿಸಿ ಕೂತಿರುತ್ತಾನೆ. ಆಗ ಬಂದ ಮೊದಲ ಗಿರಾಕಿಯನ್ನು ಇಲ್ಲ ಎಂದು ಕಳಿಸುವ ಹಾಗಿಲ್ಲ, ಅವನ ಮುಖ ಗಂಟಿಕ್ಕುವ ಹಾಗಿಲ್ಲ. ಅವನು ಕೊಟ್ಟ ನೋಟನ್ನು ಕಣ್ಣಿಗೊತ್ತಿ ಗಲ್ಲಾಕ್ಕೆ ಹಾಕಬೇಕು. ಅವನ ಕೈ ಒಳ್ಳೆಯದಾದರೆ ಸಂಜೆ ಪೂರ್ತಿ ವ್ಯಾಪಾರ, ಕೆಟ್ಟದ್ದಾದರೆ ನೊಣ ಹೊಡೆಯುವುದು. ನಾವು ಆ ಮೊದಲ ಗಿರಾಕಿಗಳಾಗಿ ಹೋಗುತ್ತಿದ್ದೆವು. ಡ್ರೈವರಣ್ಣ ಆಗ ಮೈಕೈ ನೋವಿಗೆ ಒಂದೇ ಒಂದು ಪೆಗ್ಗು ಹಾಕುವವನು, ನಾನು ಸೋಡಾ ಕುಡಿಯುವವನು. ಆದರೆ ಬೋಣಿಯ ಗಿರಾಕಿ ಕೇಳಿದ ಎಂದು ಬಂಗ್ಡೆ ಮೀನಿನ ಫ್ರೈ ಒಂದರ ಜಾಗದಲ್ಲಿ ಎರಡು ಬರುತ್ತಿತ್ತು. ಒಂದು ಅವನಿಗೆ, ಒಂದು ನನಗೆ. ಅಷ್ಟೇ ನಮ್ಮ ವೈಭೋಗ.

ಒಂದು ಸಂಜೆ ಹೊನ್ನಾವರದ ಬಂದರಿನ ಹತ್ತಿರದ ಬಾರಿನಲ್ಲಿ ಆ ಎರಡನೆಯ ಬಂಗ್ಡೆ ಬರಲಿಲ್ಲ. ಯಜಮಾನನ ಮೂಡು ಸರಿ ಇರಲಿಲ್ಲ. ನನಗೋ ಹಸಿವು, ಹಸಿವಿಗಿಂತ ಹೆಚ್ಚು ಸಿಟ್ಟು. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ನಿಮ್ಮ ಬೋಣಿ ಮಾಡ್ದವ್ರು ಯಾರು ಗೊತ್ತಿದ್ಯಾ? ಇವ್ರ ಕೈಯಿಂದ ಬೋಣಿ ಆದ ದಿವ್ಸ ಕುಮಟೆ ಬಾರಲ್ಲಿ ಎಂಟು ಗಂಟೆಯೊಳಗೆ ಮೀನು ಖಾಲಿ. ಅಲ್ಲಿ ಇವ್ರಿಗೆ ಹೆಂಗೆ ನೋಡ್ಕಳ್ತ್ರು, ನೀವು ನೋಡ್ದ್ರೆ ಒಂದು ಬಂಗ್ಡೆಗೆ ಜೀವ ಬಿಡ್ತ್ರಿ."

ಶುದ್ಧ ಸುಳ್ಳು. ಡ್ರೈವರಣ್ಣ ಕೂಡ ಬಾಯಿ ಬಿಟ್ಟು ನನ್ನ ಮುಖ ನೋಡಿದ. ಯಜಮಾನ ಒಳಗೆ ಕೂಗಿ ಇನ್ನೊಂದು ಬಂಗ್ಡೆ ತರಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಯಾಯಿತು. ಆ ದಿನ ನಾಲ್ಕೈದು ಬೋಟಿನವರಿಗೆ ಬಲೆ ಹರಿಯುವಷ್ಟು ಮೀನು ಬಿದ್ದಿತ್ತು. ನಾವು ಕೈ ತೊಳೆಯುತ್ತಿದ್ದಾಗಲೇ ಒದ್ದೆ ಲುಂಗಿಯವರು ಹಿಂಡು ಹಿಂಡಾಗಿ ಬಂದು ಕೂತರು. ಕುರ್ಚಿ ಸಾಲದೆ ಸೋಡಾದ ಪೆಟ್ಟಿಗೆ ಬೋರಲು ಹಾಕಿ ಕೂತರು. ಯಜಮಾನ ಡ್ರೈವರಣ್ಣನ ಕೈ ಹಿಡಿದುಕೊಂಡು, "ಮಾರಾಯಾ, ನಾಳೆನೂ ನೀನೇ ಬರ್ಬೇಕು, ನಿನ್ ಹತ್ರ ದುಡ್ಡು ಕೇಳೂದಿಲ್ಲ, ಒಂದು ರೂಪಾಯಿ ಶಾಸ್ತ್ರಕ್ಕೆ ಕೊಡು ಸಾಕು" ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಎರಡು ತಿಂಗಳೊಳಗೆ ಆ ಮಾತು ಲಾರಿಯವರ ಬಾಯಲ್ಲಿ, ಸೋಡಾ ಸಪ್ಲೈಯವರ ಬಾಯಲ್ಲಿ ಊರೂರು ತಿರುಗಿ ಕುಮಟೆಯ ಬಾರಿಗೂ, ಭಟ್ಕಳದಾಚೆ ಹೈವೇ ಬದಿಯ ಬಾರಿಗೂ ಮುಟ್ಟಿತು. ನಮಗಾಗಿ ಕಾಯತೊಡಗಿದರು. ನಮ್ಮ ವ್ಯಾನು ತಡವಾದರೆ ಬಾಯಾರಿದ ಗಿರಾಕಿಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಒಂಚೂರು ತಡೀರಿ, ಬೋಣಿಯವ ಬರ್ಲಿ" ಎನ್ನುತ್ತಿದ್ದರು. ಆ ಗಿರಾಕಿಗಳು ನಮಗೆ ಬೈದ ಬೈಗುಳವನ್ನು ಬರೆದರೆ ಪುಸ್ತಕ ಮುಟ್ಟುಗೋಲಾದೀತು. ಡ್ರೈವರಣ್ಣ ಮಾತ್ರ ಮದುಮಗನ ಹಾಗೆ ವ್ಯಾನಿನಿಂದ ಇಳಿಯುತ್ತಿದ್ದ. ದೋಣಿಯಲ್ಲಿ ವಾಂತಿ ಮಾಡಿಕೊಂಡು ಊರವರ ಹತ್ತಿರ ನಗೆಪಾಟಲಾದ ಮನುಷ್ಯ. ಅವನ ಕೈಗೆ ಯಾರಾದರೂ ಬೆಲೆ ಕೊಟ್ಟದ್ದು ಅದೇ ಮೊದಲು. ನನಗೂ ಸುಖವೇ. ಬಂಗ್ಡೆ ಎರಡಿದ್ದದ್ದು ನಾಲ್ಕಾಯಿತು.

ಕೆಟ್ಟದ್ದು ಎಂದರೆ ಸೋಡಾದಿಂದ ಬೋಣಿ ಆಗುವುದಿಲ್ಲ. ಬಾಟಲಿಯ ಮುಚ್ಚಳ ತೆಗೆಯಬೇಕು, ಅಲ್ಲಿಯೇ ಕೂತು ಕುಡಿಯಬೇಕು, ಗ್ಲಾಸಿನಲ್ಲಿ ಬಿಟ್ಟು ಎದ್ದರೆ ಅಪಶಕುನ. ಒಂದು ಪೆಗ್ಗು ಎರಡಾಯಿತು, ಎರಡು ಕ್ವಾರ್ಟರ್ ಆಯಿತು. ಬೆಳಿಗ್ಗೆ ಬಾಗಿಲು ತೆಗೆಯುವಾಗಲೂ ಬಾ ಎಂದರು, ಹೋದ. ಎಂಬತ್ತು ಕಳೆಯುವ ಹೊತ್ತಿಗೆ ಅವನು ಗೇರು ಬದಲಿಸುವಾಗ ಕೈ ನಡುಗುವುದನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನೋಡುತ್ತಲೇ ಸಂಜೆ ಅವನ ಪಕ್ಕ ಕೂತು ಮೀನು ತಿನ್ನುತ್ತಿದ್ದೆ. ಇದನ್ನು ಮುಚ್ಚಿಟ್ಟು ಏನು ಮಾಡಲಿ?

ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ಅಪ್ಸರಕೊಂಡದ ತಿರುವು ದಾಟಿ ಸ್ವಲ್ಪ ಮುಂದೆ ವ್ಯಾನು ರಸ್ತೆ ಬಿಟ್ಟು ಗದ್ದೆಗೆ ಇಳಿಯಿತು. ಮೂಟೆಗಳು ಹರಿದು ಗದ್ದೆಯ ನೀರೆಲ್ಲ ಚಹಾ. ನಾವಿಬ್ಬರೂ ಕೆಸರು ಮೆತ್ತಿಕೊಂಡು ಎದ್ದೆವು, ಬೇರೆ ಏನೂ ಆಗಲಿಲ್ಲ. ಏಜೆನ್ಸಿಯ ಧಣಿಗಳು ಡ್ರೈವರಣ್ಣನನ್ನು ಕರೆದು, ಇನ್ನೊಂದು ಸಲ ಬಾಯಿ ವಾಸನೆ ಬಂದರೆ ಕೀಲಿಕೈ ಇಟ್ಟು ಹೋಗು ಎಂದರು.

ಮಾರನೆಯ ದಿನ ಅವನ ಹೆಂಡತಿ ಏಜೆನ್ಸಿಯ ಬಾಗಿಲ ಹತ್ತಿರ ನನಗಾಗಿ ನಿಂತಿದ್ದಳು. ಖಾಲಿ ಬುಟ್ಟಿ ಸೊಂಟದ ಮೇಲೆ ಇತ್ತು.

"ತಮ್ಮಾ, ಆ ಕೈ ನೀನೇ ಕೊಟ್ಟದ್ದಂತಲ್ಲ?"

ಯಾರು ಹೇಳಿದ್ದು ಎಂದೆ.

"ಅವ್ರೇ ಹೇಳಿರು. ನಗಾಡ್ಕಂತ ಹೇಳಿರು. ಈಗ ನೀನೇ ತೆಗ್ದ್ಕಂಡು ಹೋಗು. ನಂಗೆ ಗಂಡ ಬೇಕು, ಅವ್ರ ಕೈಗುಣ ತಕಂಡು ನಾ ಎಂತ ಮಾಡ್ಲಿ?"

ಮೊದಲು ನೇರ ದಾರಿಯಲ್ಲೇ ಹೋದೆ. ವ್ಯಾನಿನಲ್ಲಿ ಡ್ರೈವರಣ್ಣನಿಗೆ ಹೇಳಿದೆ, ಅಣ್ಣಾ, ಅದು ನಾನು ಒಂದು ಬಂಗ್ಡೆಗಾಗಿ ಹೇಳಿದ ಸುಳ್ಳು, ನಿನ್ನ ಕೈಯಲ್ಲಿ ಏನೂ ಇಲ್ಲ. ಅವನು ಹೊಟ್ಟೆ ಹಿಡಿದು ನಕ್ಕ.

"ಹಂಗಾರೆ ಆ ದಿವ್ಸ ಬಾರು ತುಂಬಿದ್ದು ಯಾರ ಕೈಯಿಂದ, ನಿನ್ ಸೋಡಾದಿಂದ್ಲಾ? ನಿಂಗೆ ಹೊಟ್ಟೆಕಿಚ್ಚು ತಮ್ಮಾ. ಇರ್ಲಿ ಬಿಡು, ಬಂಗ್ಡೆ ತಿನ್ನು."

ಅವನು ಬಿಡುವುದಿಲ್ಲ ಎಂದ ಮೇಲೆ ಕರೆಯುವವರನ್ನೇ ತಡೆಯಬೇಕು. ಆ ವಾರ ಹೊನ್ನಾವರದಲ್ಲಿ ಅವನು ಪಂಕ್ಚರ್ ಹಾಕಿಸುತ್ತಿದ್ದಾಗ ನಾನೊಬ್ಬನೇ ಬಾರಿಗೆ ಹೋಗಿ ಯಜಮಾನನ ಕಿವಿಯ ಹತ್ತಿರ ಬಗ್ಗಿದೆ. ಆ ಕೈ ತಿರುಗಿದೆ ಎಂದೆ. ವ್ಯಾನು ಗದ್ದೆಗೆ ಬಿದ್ದದ್ದು ಗೊತ್ತಲ್ಲ, ಆವತ್ತಿನಿಂದ ಅವನು ಮುಟ್ಟಿದ್ದೆಲ್ಲ ನೀರು, ನಮ್ಮ ಚಹಾ ಕೂಡ. ಯಜಮಾನ ಅರ್ಧ ನಂಬಿದ, ಅರ್ಧ ನಂಬಲಿಲ್ಲ. ಸಂಜೆ ಡ್ರೈವರಣ್ಣನೇ ಬೋಣಿ ಮಾಡಿದ. ಆ ವಾರವೇ ಸಮುದ್ರ ಎದ್ದು ಬೋಟುಗಳು ಬಂದರು ಬಿಟ್ಟು ಕದಲಲಿಲ್ಲ. ಬಾರಿನಲ್ಲಿ ನಾಲ್ಕು ದಿನ ಫ್ಯಾನು ಮಾತ್ರ ತಿರುಗಿತು. ನನ್ನ ಸುಳ್ಳಿಗೆ ಎರಡು ಸಲವೂ ಸಮುದ್ರವೇ ಸಾಕ್ಷಿ ಹೇಳಿತು, ಅದರ ಹತ್ತಿರ ಜಗಳ ಆಡಲಿಕ್ಕೆ ಆಗುತ್ತದೆಯೇ?

ಮುಂದಿನ ವಾರ ನಾವು ಹೋದಾಗ ಹೊರಗಿನ ಬೆಂಚಿನ ಮೇಲೆ ನಮ್ಮನ್ನು ಕೂರಿಸಿದರು. "ಒಂದು ಗಿರಾಕಿ ಆಗ್ಲಿ, ಆಮೇಲೆ ಬನ್ನಿ." ಡ್ರೈವರಣ್ಣ ತಮಾಷೆ ಎಂದುಕೊಂಡು ನಕ್ಕು ಒಳಗೆ ಕಾಲಿಟ್ಟ. ಯಜಮಾನ ಎದ್ದು ಬಾಗಿಲಿಗೆ ಕೈ ಅಡ್ಡ ಹಿಡಿದ. ನಕ್ಕ ಮುಖ ಹಾಗೆಯೇ ಉಳಿದು ಬಾಡಿದ್ದನ್ನು ನಾನು ನೋಡಿದೆ. ಅವನು ಹಿಂದಿರುಗಿ ವ್ಯಾನು ಹತ್ತಿದ. ಆ ದಿನದಿಂದ ಯಾವ ಬಾರಿನೊಳಗೂ ಹೋಗಲಿಲ್ಲ. ಒಂದು ತಿಂಗಳು ಮೈ ನಡುಗಿತು, ಜ್ವರ ಬಂತು, ಹೆಂಡತಿ ಗಂಜಿ ಕುಡಿಸಿದಳು. ಕೈ ನಡುಕ ನಿಂತಿತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದು ನಾನೂ ನಿಟ್ಟುಸಿರು ಬಿಟ್ಟೆ. ಆದರೆ ಕೆಟ್ಟ ಕೈಯ ಮಾತೂ ಊರೂರು ತಿರುಗಿತು, ಬೋಣಿ ಬಾರಿಗೆ ಮಾತ್ರ ಇರುವುದೇ? ಎಲೆಯಡಿಕೆ ಅಂಗಡಿಗೂ ಬೋಣಿ, ಕ್ಷೌರದವನಿಗೂ ಬೋಣಿ. ಬೆಳಿಗ್ಗೆ ಚಹಾಕ್ಕೆ ಹೋದರೆ ಹೋಟೆಲಿನವರು, "ಕೂತ್ಕಳಿ, ಹಾಲು ಇನ್ನೂ ಕಾಯ್ಲಿಲ್ಲ" ಎನ್ನುವರು. ಹಾಲು ಉಕ್ಕುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಮೀನುಪೇಟೆಯಲ್ಲಿ ಅವನು ಬರುವುದು ಕಂಡರೆ ಹೆಂಗಸರು ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಿದ್ದರು. ಅವನ ಹೆಂಡತಿ ಎಳೆಯಲಿಲ್ಲ. ಆದರೆ ಅವನೇ ಬೆಳಗಿನ ಹೊತ್ತು ಅವಳ ಬುಟ್ಟಿಯ ಹತ್ತಿರ ಹೋಗುವುದನ್ನು ಬಿಟ್ಟ. ನಮ್ಮ ಲೈನಿನಲ್ಲಿ ವ್ಯಾನು ನಿಲ್ಲಿಸಿ ತಲೆ ಬಗ್ಗಿಸಿ ಒಳಗೇ ಕೂರುತ್ತಿದ್ದ, ಅಂಗಡಿಯವರು ಕರೆದರೂ ಇಳಿಯುತ್ತಿರಲಿಲ್ಲ. ಹಾಡು ಹೇಳುತ್ತಾ ಗಾಡಿ ಬಿಡುತ್ತಿದ್ದವನು ಭಟ್ಕಳದವರೆಗೂ ಬಾಯಿ ಬಿಡುತ್ತಿರಲಿಲ್ಲ. ಕೆಲವೊಮ್ಮೆ ಅವನು ಆ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುವುದು ನೋಡಿ ನನಗೆ ಅಳು ಬಂದದ್ದುಂಟು.

ಒಂದು ದಿನ ತಡೆಯಲಾರದೆ ಮೀನುಪೇಟೆಗೆ ಹೋಗಿ ಅವನ ಹೆಂಡತಿಗೆ ಹೇಳಿದೆ, ಅಕ್ಕಾ, ಎಲ್ಲ ಹೇಳಿಬಿಡುತ್ತೇನೆ, ಎರಡೂ ಸುಳ್ಳು ಅಂತ. ಅವಳು ಮೀನಿನ ರೆಕ್ಕೆ ಕತ್ತರಿಸುವುದು ನಿಲ್ಲಿಸಲಿಲ್ಲ.

"ಮೊದಲ್ನೇದು ಸುಳ್ಳು ಅಂದಾಗ ನಂಬಿರಾ? ಎರಡ್ನೇದು ಸುಳ್ಳು ಅಂದ್ರೆ ಮಾತ್ರ ನಂಬ್ತ್ರು. ನಾಳೆನೇ ಬಾರಿಗೆ ಹೋತ್ರು. ಬೇಡ ತಮ್ಮಾ. ಒಳ್ಳೆ ಕೈ ಇಟ್ಕಂಡು ಸಾಯೂಕಿಂತ ಕೆಟ್ಟ ಕೈ ಇಟ್ಕಂಡು ಬದುಕ್ಲಿ."

ನಾನು ಅಲ್ಲಿಂದ ಎದ್ದು ಬಂದೆ.

ಎಂಬತ್ತೈದರ ಸುಮಾರಿಗೆ ಏಜೆನ್ಸಿಯ ಕೆಲಸ ಸಾಕಾಗಿ ಕುಮಟೆ ಪೇಟೆಯಲ್ಲಿ ಒಂದು ಸಣ್ಣ ಚಹಾಪುಡಿಯ ಅಂಗಡಿ ಹಾಕಿದೆ. ತೆರೆಯುವ ದಿನ ಒಂದೇ ಹಟ ಹಿಡಿದಿದ್ದೆ: ಬೋಣಿ ಡ್ರೈವರಣ್ಣನ ಕೈಯಿಂದಲೇ ಆಗಬೇಕು. ಅವನಿಗೆ ಹತ್ತು ಗಂಟೆಗೆ ಬಾ ಎಂದಿದ್ದೆ. ಎಂಟಕ್ಕೆ ಬಾಗಿಲು ತೆಗೆದರೆ ಎದುರು ಬೀದಿಯ ಶಾಲೆಯ ಟೀಚರಮ್ಮ ಬಂದು ನಿಂತರು. ತಕ್ಕಡಿ ಇನ್ನೂ ಬಂದಿಲ್ಲ ಎಂದೆ. ತಕ್ಕಡಿ ನನ್ನ ಮೂಗಿನ ಮುಂದೆ ತೂಗುತ್ತಿತ್ತು. ಅವರು ಅದನ್ನೂ ನನ್ನನ್ನೂ ನೋಡಿ ಹೋದರು. ಆಮೇಲೆ ಮೂವರು ಬಂದರು, ಮೂವರನ್ನೂ ಏನೋ ಒಂದು ಹೇಳಿ ಕಳಿಸಿದೆ. ಪಕ್ಕದ ಅಂಗಡಿಯವರು, "ಎಂತ ಮಾರಾಯಾ, ವ್ಯಾಪಾರಕ್ಕೆ ಕೂತದ್ದಾ ತಪಸ್ಸಿಗೆ ಕೂತದ್ದಾ?" ಎಂದು ಕೇಳಿದರು.

ಹತ್ತಕ್ಕೆ ಸರಿಯಾಗಿ ಗಂಡ ಹೆಂಡತಿ ಬಂದರು. ಡ್ರೈವರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಂಗಡಿಗೆ ಬರಲಿಲ್ಲ. ರಸ್ತೆಯ ಆಚೆ, ಸೈಕಲ್ ಅಂಗಡಿಯ ಮಾಡಿನ ಕೆಳಗೆ ನಿಂತು ಅಲ್ಲಿಂದಲೇ ಕೂಗಿದ.

"ಬೋಣಿ ಆತಾ?"

ಆಗಲಿಲ್ಲ ಎಂದರೆ ಅವನು ತಿರುಗಿ ಹೋಗುತ್ತಾನೆ. ಅದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಆತು, ಬಾ" ಎಂದೆ.

ಅವನು ರಸ್ತೆ ದಾಟಿ ಬಂದ. ಪಾವು ಕಿಲೋ ಪುಡಿ ಕಟ್ಟು ಎಂದು ಹತ್ತರ ನೋಟು ಕೊಟ್ಟ. ನಾನು ಗಲ್ಲಾ ಎಳೆದೆ. ಒಳಗೆ ಒಂದು ಅರಿಶಿನದ ತುಂಡು, ನಾಲ್ಕು ಅಕ್ಷತೆ, ಬೇರೆ ಏನೂ ಇಲ್ಲ. ಬೆಳಗಿನಿಂದ ವ್ಯಾಪಾರ ಆದ ಅಂಗಡಿಯಲ್ಲಿ ಚಿಲ್ಲರೆ ಇರಬೇಡವೇ? ಕೊಡುವುದಕ್ಕೆ ಇಲ್ಲ ಎಂದರೆ ಅವನಿಗೆ ತಿಳಿಯುತ್ತದೆ. ನಾನು ಸುಮ್ಮನೆ ಖಾಲಿ ಗಲ್ಲಾದೊಳಗೆ ಬೆರಳಾಡಿಸುತ್ತಾ ನಿಂತೆ.

ಅವನ ಹೆಂಡತಿ ಬಗ್ಗಿ ಗಲ್ಲಾ ನೋಡಿದಳು, ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಬುಟ್ಟಿ ಇಟ್ಟು ಕೂತ ಹೆಂಗಸು, ಅವಳಿಗೆ ಒಂದು ಗಳಿಗೆ ಸಾಕಾಯಿತು. ತಟ್ಟನೆ ಸೊಂಟದ ಚೀಲ ಬಿಚ್ಚಿ ಸರಿಯಾದ ಚಿಲ್ಲರೆಯನ್ನು ಗಂಡನ ಅಂಗೈಗೆ ಹಾಕಿ, ನೋಟನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಆ ನೋಟು ಎಂತಕ್ಕೆ ಮುರಿಸ್ತ್ರಿ, ನನ್ ಹತ್ರ ಚಿಲ್ರೆ ಅದೆ. ಇದನ್ನ ಕೊಡಿ."

ಅವನು ಕೊಟ್ಟ. ಅವನ ಕೈಯಿಂದಲೇ ಬಂತು. ಕಣ್ಣಿಗೊತ್ತಿಕೊಳ್ಳುವ ಹಾಗಿರಲಿಲ್ಲ, ಒತ್ತಿದರೆ ಗುಟ್ಟು ಬಯಲು. ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೆ, ಅವರು ತಿರುವಿನಲ್ಲಿ ಮರೆಯಾದ ಮೇಲೆ ಒತ್ತಿಕೊಂಡೆ. ಮೀನಿನ ವಾಸನೆ ಬಂತು.

ಅಂಗಡಿ ಚೆನ್ನಾಗಿ ನಡೆಯಿತು. ಟೀಚರಮ್ಮ ಕೂಡ ನನ್ನ ತಕ್ಕಡಿಯನ್ನು ಕ್ಷಮಿಸಿದರು. ಡ್ರೈವರಣ್ಣ ತಿಂಗಳಿಗೊಮ್ಮೆ ಬರುತ್ತಿದ್ದ. ಪ್ರತಿ ಸಲವೂ ಮೆಟ್ಟಿಲ ಕೆಳಗೇ ನಿಂತು ಬೋಣಿ ಆಯಿತೇ ಎಂದು ಕೇಳಿಯೇ ಹತ್ತುತ್ತಿದ್ದ. ಮೈ ತುಂಬಿಕೊಂಡಿತ್ತು, ಕಣ್ಣು ತಿಳಿಯಾಗಿತ್ತು, ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ನೋಡಿದವರು ಒಳ್ಳೆಯದಾಯಿತು ಎನ್ನುತ್ತಿದ್ದರು. ಹೌದು, ಒಳ್ಳೆಯದಾಯಿತು. ನಾನು ಅದನ್ನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೋ.

ನಾಲ್ಕು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂತ. ಏಜೆನ್ಸಿಯ ಕೆಲಸ ಬಿಟ್ಟಿದ್ದ. ಚಹಾ ತರಿಸಿದೆ. ಕುಡಿಯುತ್ತಾ ಅಂಗಡಿಯ ಕಪಾಟುಗಳನ್ನೆಲ್ಲ ಒಂದು ಸುತ್ತು ನೋಡಿದ.

"ಒಳ್ಳೆ ನಡೀತು ತಮ್ಮಾ ನಿನ್ ಅಂಗ್ಡಿ. ಆವತ್ತು ಬೋಣಿ ಮಾಡಿದ್ದು ಯಾರು?"

ನೀನೇ ಎಂಬ ಮಾತು ಬಾಯಿಗೆ ಬಂದಿತ್ತು. ಒಳ್ಳೆ ಕೈ ಇಟ್ಟುಕೊಂಡು ಸಾಯುವುದಕ್ಕಿಂತ ಎಂದು ಅವನ ಹೆಂಡತಿ ಹೇಳಿದ್ದು ನೆನಪಾಯಿತು. ಅವನ ತಿಳಿಯಾದ ಕಣ್ಣನ್ನು ನೋಡಿದೆ.

"ಎದುರು ಶಾಲೆ ಟೀಚರಮ್ಮ" ಎಂದೆ.

"ದೊಡ್ಡ ಕೈ ಅದು" ಎಂದ ಅವನು. ಲೋಟ ಕೆಳಗಿಟ್ಟು, ಸ್ವಲ್ಪ ನಾಚಿಕೊಂಡು ಹೇಳಿದ, "ಮನೆ ಬಾಗ್ಲಲ್ಲೇ ಒಂದು ಸಣ್ಣ ಗೂಡಂಗ್ಡಿ ಹಾಕ್ವ ಅಂತ ನಂಗೂ ಆಸೆ ಅದೆ. ನನ್ ಕೈ ಆಗೂದಿಲ್ಲ, ನಿಂಗೆ ಗೊತ್ತಲ್ಲ. ಆ ದಿವ್ಸ ಬೋಣಿಗೆ ಅವ್ರನ್ನೇ ಕರ್ದ್ಕಂಡು ಬತ್ಯಾ?"

ಆತು ಎಂದೆ.